ಗಿರಿಗೆ ಹಾಕುವ ಎಲೆ

ಸಿಂಡೆಲ್‌ಫಿಂಗೆನ್, ಜರ್ಮನಿ
೨೩ ಜುಲೈ ೨೦೨೫, ಬುಧವಾರ
(ನಾಳೆ ಆಟಿ ಅಮಾವಾಸ್ಯೆ)

ಪ್ರೀತಿಯ ಮಗ ಗಿರಿಗೆ,

ಮೊದಲು ‘ಚಿರಂಜೀವಿ ಗಿರಿಧರನಿಗೆ’ ಎಂದು ಬರೆದೆ. ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಆ ಹಾಳೆ ಮಡಚಿಟ್ಟು ಇದನ್ನು ತೆಗೆದುಕೊಂಡಿದ್ದೇನೆ. ಹೇಗಿದ್ದೀ ಮಗಾ? ಆರೋಗ್ಯವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನಗಬೇಡ. ಎಂಟು ವರ್ಷದಿಂದ ಕಾಣೆಯಾದವನ ಆರೋಗ್ಯ ಕೇಳುತ್ತಿದ್ದಾಳೆ, ಮುದುಕಿಗೆ ತಲೆ ಸರಿ ಇಲ್ಲ ಎಂದು ಯಾರು ಬೇಕಾದರೂ ಹೇಳಲಿ. ಕಾಗದ ಎಂದರೆ ಮೊದಲು ಆರೋಗ್ಯ, ಆಮೇಲೆ ಸುದ್ದಿ. ನನ್ನ ಕೈಗೆ ಬೇರೆ ಕ್ರಮ ಗೊತ್ತಿಲ್ಲ. ನನ್ನದು ಹೀಗೇ ಉಂಟು. ಮಂಡಿ ನೋವು, ಸ್ವಲ್ಪ ಶುಗರ್. ಸುರತ್ಕಲ್ಲಿನಲ್ಲಿ ನಿನ್ನ ತಂಗಿ ಶ್ರೀಲಕ್ಷ್ಮಿಯ ಮನೆಯಲ್ಲಿ ನನಗೇನೂ ಕಡಿಮೆ ಇಲ್ಲ, ಬೈಯಲು ಅಳಿಯನೊಬ್ಬ ಇದ್ದಾನೆ. ನಿನ್ನ ಮಗಳು ಕೀರ್ತಿಗೆ ಹನ್ನೆರಡು ತುಂಬಿತು. ಎದೆಯಲ್ಲಿ ತೂತು ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಈಜುವುದಕ್ಕೆ ಹೋಗುತ್ತಾಳೆ, ಅಮ್ಮನಿಗಿಂತ ಎತ್ತರ ಆಗಿದ್ದಾಳೆ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ, ನನ್ನನ್ನು ‘ಓಮಾ’ ಎಂದು ಕರೆಯುತ್ತಾಳೆ. ಅಜ್ಜಿ ಎನ್ನಲು ಏನು ಬಾಯಿ ನೋವೇ ಎಂದು ನಾನು ಗದರಿದರೆ ನಿನ್ನ ಹಾಗೇ ಮೂಗು ತಿಕ್ಕಿಕೊಂಡು ನಗುತ್ತಾಳೆ.

ನಾನು ಇಲ್ಲಿಗೆ ಬಂದದ್ದು ಮೂರು ತಿಂಗಳ ವೀಸಾದಲ್ಲಿ. ನಿನ್ನ ಹೆಂಡತಿ ವಂದನಾ ಇಲ್ಲಿಯ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಅಲ್ಲವಾ, ‘ಅತ್ತೆ, ಒಂದ್ ಸಲ ಬಂದು ಜರ್ಮನಿ ನೋಡ್ಕೊಂಡ್ ಹೋಗಿ’ ಎಂದು ಟಿಕೆಟ್ ಕಳಿಸಿದಳು. ನಾನು ಪೆದ್ದಿ, ನಂಬಿದೆ. ಏನು ನೋಡುವುದು ಇಲ್ಲಿ? ಎಲ್ಲ ಚೊಕ್ಕ, ಎಲ್ಲ ಮೌನ. ಒಂದು ವಾರ ನಮ್ಮ ಸರದಿ ಎಂದು ಮೆಟ್ಟಿಲು ಒರೆಸಬೇಕು, ಅದಕ್ಕೆ ‘ಕೇರ್‌ವೋಖೆ’ ಅನ್ನುತ್ತಾರೆ. ಒರೆಸದಿದ್ದರೆ ಕೆಳಗಿನ ಮನೆಯ ಹೆಂಗಸು ಬಾಗಿಲು ತಟ್ಟಿ ಕೇಳುತ್ತಾಳೆ. ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸಿದ ನನಗೆ ಮೆಟ್ಟಿಲು ಯಾವ ಲೆಕ್ಕ? ನಾನೇ ಒರೆಸುತ್ತೇನೆ. ಆ ಹೆಂಗಸಿಗೆ ಈಗ ನನ್ನನ್ನು ಕಂಡರೆ ಬಹಳ ಮರ್ಯಾದೆ. ಆದರೆ ನನ್ನನ್ನು ಕರೆಸಿದ್ದು ಜರ್ಮನಿ ತೋರಿಸುವುದಕ್ಕಲ್ಲ, ಗಿರಿ. ಅದು ಬಂದ ಮೂರನೆಯ ವಾರ ಗೊತ್ತಾಯಿತು.

ನಮ್ಮ ಮನೆಯಲ್ಲಿ ನಾಳೆಯ ದಿನ ಏನೆಂದು ನಿನಗೆ ಹೇಳಬೇಕಾಗಿಲ್ಲ. ಆಟಿ ತಿಂಗಳ ಈ ಅಮಾವಾಸ್ಯೆಗೆ, ಸತ್ತವರಿಗೆ ಎಲೆ ಹಾಕಿ ಬಡಿಸುತ್ತೇವೆ. ಅನ್ನ, ಕೋಳಿ ಸಾರು, ಕಡುಬು. ಮನೆಯ ಹಿರಿಯರು ಒಬ್ಬೊಬ್ಬರ ಹೆಸರು ಹೇಳಿ ಬನ್ನಿ, ಉಣ್ಣಿ ಎಂದು ಕರೆದು, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಹೊಸದಾಗಿ ಸತ್ತವರಿಗೆ ಬೇರೆ ಎಲೆ ಹಾಕಿ, ನಮ್ಮ ಹಿರಿಯರ ಜೊತೆ ಇವನನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳಬೇಕು. ಹಾಗೆ ಸೇರಿಸದವರು ಮನೆಗೂ ಇಲ್ಲ, ಅಲ್ಲಿಗೂ ಇಲ್ಲ, ಹೊಸ್ತಿಲ ಹೊರಗೇ ನಿಂತಿರುತ್ತಾರೆ. ಮನೆಯಲ್ಲಿ ಒಂದು ಮದುವೆ, ಒಂದು ಶುಭ ಕಾರ್ಯ ನಡೆಯಲು ಬಿಡುವುದಿಲ್ಲ ಎನ್ನುತ್ತಾರೆ. ನೀನು ಕಾಣೆಯಾದ ವರ್ಷದಿಂದ ನೆಂಟರೆಲ್ಲ ನನ್ನ ಕಿವಿ ಕಚ್ಚಿದರು. ನಾನು ಒಪ್ಪಲಿಲ್ಲ. ಹೆಣ ಕಾಣದೆ ಎಲೆ ಹಾಕುವುದೆಂದರೆ ನಾನೇ ನನ್ನ ಮಗನನ್ನು ಕೊಂದ ಹಾಗೆ ಎಂದು ಜಗಳ ಮಾಡಿದೆ. ಈ ಕಡೆ ನಿನ್ನ ಹೆಂಡತಿ ಮೈಸೂರಿನವಳು. ಅವರಲ್ಲಿ ಇದೇ ಅಮಾವಾಸ್ಯೆಗೆ ಭೀಮನ ಅಮಾವಾಸ್ಯೆ ಎಂದು ಹೆಸರು. ಗಂಡನ ಆಯುಸ್ಸು ಗಟ್ಟಿಯಾಗಲಿ ಎಂದು ದೀಪ ಹಚ್ಚಿ ಪೂಜೆ ಮಾಡಿ, ಗಂಡನ ಪಾದ ಮುಟ್ಟಿ ನಮಸ್ಕರಿಸುವ ದಿನ. ಪಾದ ಎಲ್ಲಿಂದ ತರುವುದು ಪಾಪ? ನೀನು ಬಿಟ್ಟುಹೋದ ಚಪ್ಪಲಿಯನ್ನು ಪಟ್ಟಣ ಪಟ್ಟಣಕ್ಕೆ ಹೊತ್ತುಕೊಂಡು ಬಂದು, ಇಲ್ಲಿಯೂ ಪ್ರತಿ ವರ್ಷ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಾಳೆ. ನಾನು ಎಲೆ ಹಾಕದೆ, ಅವಳು ದೀಪ ಆರಿಸದೆ, ಇಬ್ಬರೂ ಸೇರಿ ನಿನ್ನನ್ನು ಇಷ್ಟು ವರ್ಷ ಹಿಡಿದಿಟ್ಟೆವು.

ಮೂರನೆಯ ವಾರ ಒಂದು ಭಾನುವಾರ ನಾನು ನೀರುದೋಸೆ ಹೊಯ್ಯುತ್ತಿದ್ದಾಗ ಅವಳು ಹೇಳಿದಳು: ‘ಅತ್ತೆ, ಈ ಸಲ ನಾನು ಪೂಜೆ ಮಾಡಲ್ಲ. ನನ್ ಕೈಲಿ ಆಗಲ್ಲ.’ ಯಾಕೆ, ಮುಟ್ಟಿನ ದಿನವೇ ಎಂದು ಕೇಳಿದೆ ನಾನು. ಅವಳು ಗ್ಯಾಸ್ ಸಣ್ಣ ಮಾಡಿ, ನನ್ನ ಕೈಯಿಂದ ಸೌಟು ತೆಗೆದಿಟ್ಟು, ಸ್ಟ್ಯಾನಿಯ ವಿಷಯ ಹೇಳಿದಳು. ಸ್ಟ್ಯಾನಿ ಎಂದರೆ ನಮ್ಮ ಕಿನ್ನಿಗೋಳಿಯ ಕ್ರಿಶ್ಚಿಯನ್, ಅವಳ ಜೊತೆಯೇ ಕೆಲಸ ಮಾಡುತ್ತಾನೆ. ಅವನ ಹೆಂಡತಿ ಆಲಿಸ್ ಕ್ಯಾನ್ಸರಿನಲ್ಲಿ ಹೋದಳಂತೆ, ಮಕ್ಕಳಿಲ್ಲ. ‘ಏಳು ವರ್ಷ ಸುದ್ದಿ ಇಲ್ಲ ಅಂತ ಕೋರ್ಟು ನನ್ನನ್ನ ವಿಧವೆ ಅಂತ ಹೇಳಿ ಒಂದ್ ವರ್ಷ ಆಯ್ತು ಅತ್ತೆ. ಆದ್ರೆ ನೀವು ಹೇಳಿಲ್ಲ. ನೀವು ಅವರನ್ನ ಹಿರಿಯರ ಜೊತೆ ಸೇರಿಸೋವರೆಗೂ ನಾನು ಸ್ಟ್ಯಾನಿನ ಮದುವೆ ಆಗಲ್ಲ’ ಎಂದಳು. ಕದ್ದು ಮದುವೆಯಾಗಿ ಆಮೇಲೆ ಫೋನ್ ಮಾಡಿದ್ದರೆ ಬೈದು ಮುಗಿಸುತ್ತಿದ್ದೆ ಮಾರಾಯ. ಹೀಗೆ ಕೈಕಟ್ಟಿ ಕೇಳಿದರೆ ಏನು ಮಾಡುವುದು? ದೋಸೆ ಕಾವಲಿಯಲ್ಲೇ ಕರಟಿತು. ನನ್ನ ಮಗ ಎಲ್ಲಿಯೋ ದಾರಿ ತಪ್ಪಿ ಅಲೆಯುತ್ತಿರುವಾಗ ನಿನಗೆ ಗಂಡ ಬೇಕಾಯಿತಾ ಎಂದೆ. ಅವಳು ಅಳಲಿಲ್ಲ. ಬಾಲ್ಕನಿಗೆ ಹೋಗಿ ಬಟ್ಟೆ ಮಡಚಿದಳು. ಎರಡು ದಿನ ನಾವು ಕೀರ್ತಿಯ ಮೂಲಕವೇ ಮಾತಾಡಿದೆವು, ಅವಳು ಜರ್ಮನ್‌ನಲ್ಲಿ ಹೇಳಿದ್ದು ನನಗೆ ಅರ್ಥವೂ ಆಗಲಿಲ್ಲ.

ಸ್ಟ್ಯಾನಿ ಬಂದ. ಬರಬೇಡ ಎಂದಿದ್ದರೂ ಬಂದ. ಕೂದಲು ಅರ್ಧ ಬೆಳ್ಳಗಾಗಿದೆ, ಮಾತು ಮೆತ್ತಗೆ. ‘ಅಮ್ಮಾ, ನೀವು ಬೇಡ ಅಂದ್ರೆ ಬೇಡ. ಎಂತ ಮಾಡ್ಲಿಕ್ಕುಂಟು? ಆದ್ರೆ ವಂದನಾ ಹುಡುಕ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ’ ಎಂದು ಲ್ಯಾಪ್‌ಟಾಪ್ ತೆರೆದು ತೋರಿಸಿದ. ನೀನು ಕೆಲಸಕ್ಕೆ ಹೋದ ಆ ಮಧ್ಯ ಆಫ್ರಿಕಾ ದೇಶದಲ್ಲಿ ಯಾವ ವರ್ಷ ಎಷ್ಟು ಜನ ಕಾಳಗದಲ್ಲಿ ಸತ್ತರು ಎಂದು ದೊಡ್ಡ ದೊಡ್ಡ ಓದಿದವರು ಕೂತು ಲೆಕ್ಕ ಹಾಕಿದ್ದಾರಂತೆ. ಚಿತ್ರದಲ್ಲಿ ವರ್ಷಕ್ಕೊಂದು ಕಂಬ. ಒಂದು ಗಿಡ್ಡ, ಒಂದು ಉದ್ದ. ನೀನು ಕಾಣೆಯಾದ ವರ್ಷದ ಕಂಬಕ್ಕೆ ಬೆರಳು ಇಟ್ಟು, ನನ್ನ ಗಿರಿ ಇದರಲ್ಲಿ ಇದ್ದಾನಾ ಎಂದು ಕೇಳಿದೆ. ಅವನು ಸುಳ್ಳು ಹೇಳಬಹುದಿತ್ತು. ‘ಗೊತ್ತಿಲ್ಲ ಅಮ್ಮಾ. ಹೆಸರು ಇರೋದಿಲ್ಲ. ಎರಡೂ ಕಡೆಯವ್ರು ಹೊಡೆದಾಡುವಾಗ ಸತ್ರೆ ಇದ್ರಲ್ಲಿ. ಬರೀಗೈಯವನನ್ನು ಹಿಡಿದು ಕೊಂದ್ರೆ ಅದು ಬೇರೆ ಲೆಕ್ಕ’ ಎಂದ. ಸಾಯುವುದರಲ್ಲೂ ಬೇರೆ ಬೇರೆ ಪಂಕ್ತಿಯೇನೋ ಎಂದು ನನಗೆ ಕೆಟ್ಟ ಸಿಟ್ಟು ಬಂತು. ಇನ್ನೊಂದು ಕೇಳು. ಒಂದು ವರ್ಷಕ್ಕೆ ಮೂರು ಲೆಕ್ಕವಂತೆ: ಕಡಿಮೆ ಎಂದರೆ ಇಷ್ಟು, ಹೆಚ್ಚು ಎಂದರೆ ಇಷ್ಟು, ನಡುವೆ ಒಂದು ಅಂದಾಜು. ಅಂದರೆ ಕಡಿಮೆಯದಕ್ಕೂ ಹೆಚ್ಚಿನದಕ್ಕೂ ನಡುವೆ ಇರುವವರು ಸತ್ತರೋ ಇಲ್ಲವೋ ಲೆಕ್ಕ ಹಾಕಿದವರಿಗೂ ಗೊತ್ತಿಲ್ಲ. ನೀನು ಅಲ್ಲೇ ಎಲ್ಲೋ ಇದ್ದೀ ಎಂದು ನಾನು ಅಂದುಕೊಂಡೆ. ಆ ದಿನ ಅದೇ ನನಗೆ ಸಮಾಧಾನ ಆಯಿತು ನೋಡು, ಎಂಥ ಕರ್ಮ.

ಆಮೇಲೆ ಹಲೀಮಾ ಬಂದಳು. ವಂದನಾ ವರ್ಷಗಟ್ಟಲೆ ನಿನ್ನ ಫೋಟೋವನ್ನು ಆ ದೇಶದಿಂದ ಓಡಿಬಂದವರ ಫೇಸ್‌ಬುಕ್ ಗುಂಪುಗಳಲ್ಲಿ ಹಾಕುತ್ತಿದ್ದಳಂತೆ. ಯಾರೂ ಉತ್ತರ ಕೊಟ್ಟಿರಲಿಲ್ಲ. ಈ ಏಪ್ರಿಲ್‌ನಲ್ಲಿ ಸ್ಟುಟ್‌ಗಾರ್ಟಿನಿಂದ ಒಬ್ಬ ಹೆಂಗಸು ಬರೆದಳು, ಇವನು ನನಗೆ ಗೊತ್ತು ಎಂದು. ನನ್ನನ್ನು ಕರೆಸಿದ್ದು ಅದಕ್ಕೇ. ಅವಳು ಹೇಳುವುದನ್ನು ನಾನೇ ಕಿವಿಯಾರೆ ಕೇಳಲಿ, ಸೊಸೆ ಕಟ್ಟಿದ ಕಥೆ ಎಂದು ನನಗೆ ಅನಿಸದಿರಲಿ ಎಂದು. ಹಲೀಮಾಗೆ ನಲವತ್ತು ಇರಬಹುದು. ಉದ್ದ ಬಟ್ಟೆ, ತಲೆಗೆ ವಸ್ತ್ರ. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಹಿಡಿದುಕೊಂಡು ಕೂತಳು. ಅವಳು ಜರ್ಮನ್‌ನಲ್ಲಿ ಹೇಳಿದಳು, ವಂದನಾ ಕನ್ನಡಕ್ಕೆ ತಂದಳು. ಒಂದು ಮಾತೂ ಬಿಡಲಿಲ್ಲ.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ. ಆದರೂ ನಾನು ಕೇಳಿದ್ದು ಸರಿಯಾ ಎಂದು ನೀನು ನೋಡಬೇಕು. ಬಂಗಾಸು ಎಂಬ ಊರು, ನದಿ ದಾಟಿದರೆ ಕಾಂಗೋ. ನೀನು ಮೊಬೈಲ್ ಟವರಿನ ಜನರೇಟರ್ ನೋಡಿಕೊಳ್ಳುತ್ತಿದ್ದೆ. ಟವರ್ ಇದ್ದದ್ದು ಮುಸ್ಲಿಮರ ಕೇರಿಯ ಅಂಚಿನಲ್ಲಿ. ಹಲೀಮಾಳ ಗಂಡ ಅಬ್ದೂನ ಚಹಾದಂಗಡಿಯಲ್ಲಿ ಕೂತು ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಯುತ್ತಿದ್ದೆ. ಮೇ ತಿಂಗಳಲ್ಲಿ ಬಂದೂಕಿನವರು ಬಂದರು. ಆ ದೇಶದಲ್ಲಿ ಒಂದು ಗುಂಪು ಮುಸ್ಲಿಮರ ಹೆಸರು ಹೇಳಿಕೊಂಡು, ಇನ್ನೊಂದು ಗುಂಪು ಕ್ರಿಶ್ಚಿಯನ್ನರ ಹೆಸರು ಹೇಳಿಕೊಂಡು ವರ್ಷಗಳಿಂದ ಒಬ್ಬರನ್ನೊಬ್ಬರು ಕಡಿಯುತ್ತಿದ್ದರಂತೆ. ಆ ದಿನ ಮುಸ್ಲಿಮರ ಕೇರಿಗೆ ಬೆಂಕಿ ಬಿತ್ತು. ಜನ ಮಸೀದಿಯೊಳಗೆ ಓಡಿದರು. ನಿನ್ನ ಬಾಡಿಗೆಯ ಕೋಣೆಯೂ ಅದೇ ಸಾಲಿನಲ್ಲಿ, ನೀನೂ ಅವರ ಜೊತೆ ಓಡಿದೆ. ಕೊಲ್ಲಲು ಬಂದವರ ಕೊರಳಲ್ಲಿ ಶಿಲುಬೆಯೂ ಇತ್ತು, ತಾಯಿತವೂ ಇತ್ತು ಎಂದಳು ಹಲೀಮಾ. ಸ್ಟ್ಯಾನಿ ತಲೆ ತಗ್ಗಿಸಿದ. ಅದನ್ನು ನೋಡಿ ಅವಳೇ ಅವನಿಗೆ ಹೇಳಿದಳು, ಆಮೇಲೆ ಬದುಕಿ ಉಳಿದವರಿಗೆ ಜಾಗ ಕೊಟ್ಟು ಗಂಜಿ ಕೊಟ್ಟದ್ದು ಇಗರ್ಜಿಯ ಪಾದ್ರಿಗಳೇ ಎಂದು.

ಮಸೀದಿಯೊಳಗೆ ನೀರು ಮುಗಿಯಿತು. ಹೊರಗೆ ಹೋದವರಿಗೆ ಮರದ ಮರೆಯಿಂದ ಗುಂಡು. ಆಗ ಅಬ್ದೂ ನಿನಗೆ ಹೇಳಿದನಂತೆ: ನೀನು ನಮ್ಮವನಲ್ಲ, ಇಲ್ಲಿ ಸಾಯುವ ಅಗತ್ಯ ನಿನಗಿಲ್ಲ. ನಿನ್ನ ಗಡ್ಡ ನೋಡಿ ಅವರು ನಿನ್ನನ್ನು ನಮ್ಮ ವ್ಯಾಪಾರಿ ಎಂದು ತಿಳಿಯುತ್ತಾರೆ. ಬ್ಲೇಡು ಉಂಟು, ಬೋಳಿಸಿಕೋ, ಕಂಪೆನಿಯ ಕಾರ್ಡು ಕೈಯಲ್ಲಿ ಹಿಡಿದುಕೊಂಡು ಇಗರ್ಜಿಯ ಕಡೆಗೆ ಹೋಗು. ನೀನು ನಕ್ಕೆಯಂತೆ. ಈ ಕೂದಲು ನನ್ನದಲ್ಲ, ದೇವರದ್ದು, ಜೂನ್‌ನಲ್ಲಿ ಊರಿಗೆ ಹೋಗಿ ಒಪ್ಪಿಸಬೇಕು, ಅಲ್ಲಿಯವರೆಗೆ ಬ್ಲೇಡು ತಾಗಿಸಬಾರದು ಎಂದೆಯಂತೆ. ಹಲೀಮಾಗೆ ಅದು ಏನೆಂದು ಇಂದಿಗೂ ಅರ್ಥವಾಗಿಲ್ಲ. ಯಾವ ದೇವರು ಕೂದಲು ಕೇಳುತ್ತಾನೆ ಎಂದು ನನ್ನನ್ನೇ ಕೇಳಿದಳು. ನಾನು ಏನು ಹೇಳಲಿ? ಮಗಳ ಎದೆಯ ಆಪರೇಷನ್ ಸುಸೂತ್ರ ಆದರೆ ತಿರುಪತಿ ತಿಮ್ಮಪ್ಪನಿಗೆ ಮುಡಿ ಕೊಡುತ್ತೇನೆ ಎಂದು ನೀನು ಹರಕೆ ಹೇಳಿಕೊಂಡದ್ದನ್ನು ಜರ್ಮನ್‌ನಲ್ಲಿ ಹೇಳುವುದು ಹೇಗೆ? ವಂದನಾ ಹೇಗೋ ಹೇಳಿದಳು. ಹಲೀಮಾ ಕೇಳಿ, ಒಳಗಿನ ಕೋಣೆಯಲ್ಲಿ ಓದುತ್ತಿದ್ದ ಕೀರ್ತಿಯ ಕಡೆ ತುಂಬ ಹೊತ್ತು ನೋಡಿದಳು.

ಮೂರ್ಖ! ನನಗೆ ನಿನ್ನ ಮೇಲೆ ಬಂದ ಸಿಟ್ಟಿಗೆ ಈ ಹಾಳೆ ಸಾಲದು. ತಿಮ್ಮಪ್ಪ ಏನು ನಿನ್ನ ಕುತ್ತಿಗೆಗೆ ಕೂತಿದ್ದನಾ? ಬೋಳಿಸಿಕೊಂಡು ಜೀವ ಉಳಿಸಿಕೊಂಡಿದ್ದರೆ, ಇನ್ನೊಂದು ವರ್ಷ ಬೆಳೆಸಿ ಕೊಡುತ್ತೇನೆ ಸ್ವಾಮಿ, ತಪ್ಪು ಕಾಣಿಕೆ ಹಾಕುತ್ತೇನೆ ಎಂದರೆ ಅವನು ಬೇಡ ಎನ್ನುತ್ತಿದ್ದನಾ? ಕೊಟ್ಟ ಮಾತು ತಪ್ಪಿದರೆ ಮಗಳಿಗೆ ಏನಾದರೂ ಆದೀತು ಎಂದು ಹೆದರಿದೆ, ಅಲ್ಲವಾ? ನನಗೆ ಗೊತ್ತು. ನಾನು ಹೆತ್ತವಳು. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ, ಅದಕ್ಕೇ ಇಷ್ಟು ಸಿಟ್ಟು. ಮರುದಿನ ಮಕ್ಕಳ ಬಾಯಾರಿಕೆ ನೋಡಲಾಗದೆ ನೀನೂ ಅಬ್ದೂನೂ ಹಿಂದಿನ ಬಾಗಿಲಿನಿಂದ ಬಾವಿಗೆ ಹೋದಿರಿ. ಇಬ್ಬರೂ ಬಾವಿಯ ಹತ್ತಿರವೇ ಬಿದ್ದಿರಿ. ಸಂಜೆ ನಾಲ್ಕು ಜನ ತೆವಳಿಕೊಂಡು ಹೋಗಿ ಎಳೆದು ತಂದರಂತೆ. ಒಂದೇ ಗುಂಡಿಯಲ್ಲಿ ಇಬ್ಬರನ್ನೂ ಮಲಗಿಸಿದರು. ಇವನು ನಮ್ಮವನಲ್ಲ, ಇವನಿಗೆ ನಮ್ಮ ಪ್ರಾರ್ಥನೆ ಓದಬಹುದಾ ಎಂದು ಯಾರೋ ಕೇಳಿದರಂತೆ. ಅಲ್ಲಿದ್ದ ಒಬ್ಬ ಮುದುಕ, ಅವನ ಅಮ್ಮ ಇಲ್ಲಿ ಇದ್ದಿದ್ದರೆ ಏನಾದರೂ ಓದಿ ಎನ್ನುತ್ತಿದ್ದಳು, ಓದಿ ಎಂದನಂತೆ. ಆ ಮುದುಕ ಯಾರು, ಇದ್ದಾನಾ ಸತ್ತನಾ, ಹಲೀಮಾಗೂ ತಿಳಿಯದು. ಅವನ ಹೊಟ್ಟೆ ತಣ್ಣಗಿರಲಿ. ಮುಖಕ್ಕೆ ಮಣ್ಣು ಬೀಳದ ಹಾಗೆ ಅಬ್ದೂನ ಅಂಗಿಯನ್ನು ಇಬ್ಬರ ಮೇಲೂ ಹೊದೆಸಿದೆ ಎಂದು ಹಲೀಮಾ ಹೇಳಿದಾಗ ನಾನು ಎದ್ದು ಹೋಗಿ ಅವಳಿಗೆ ಅನ್ನ ಬಡಿಸಿದೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಅವಳು ಉಂಡಳು. ಎಲ್ಲರೂ ಅಳುತ್ತಿದ್ದರು, ನನಗೆ ಮಾತ್ರ ಅಳು ಬರಲಿಲ್ಲ. ಈಗ ಬರೆಯುವಾಗ ಬರುತ್ತಿದೆ.

ಅಲ್ಲಿಂದ ಮೊನ್ನೆಯವರೆಗೆ ನಾನು ವಂದನಾಳಿಗೆ ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಮೆಟ್ಟಿಲು ಒರೆಸಿದೆ, ಸಾರು ಮಾಡಿದೆ. ಅವಳೂ ಮತ್ತೆ ಕೇಳಲಿಲ್ಲ. ಮೊನ್ನೆ ಅವಳು ಕೆಲಸದಿಂದ ಬಂದು ಶೂ ಬಿಚ್ಚುತ್ತಾ ಹಾಗೇ ಬಾಗಿಲಿನಲ್ಲಿ ಕೂತುಬಿಟ್ಟಳು. ಸುಸ್ತಾಗಿತ್ತೇನೋ. ನಡುನೆತ್ತಿಯಲ್ಲಿ ಬಿಳಿ ಕೂದಲು ಕಂಡಿತು. ಇಪ್ಪತ್ತೊಂಬತ್ತಕ್ಕೆ ಕಾಯಲು ಕೂತವಳು, ಗಿರಿ. ನನಗೂ ನಿನ್ನ ಅಪ್ಪ ಬೇಗ ಹೋದರು, ಆದರೆ ನನಗೆ ಅವರು ಹೋದದ್ದಾದರೂ ಗೊತ್ತಿತ್ತು. ಇವಳಿಗೆ ನಾನು ಅದನ್ನೂ ಕೊಟ್ಟಿಲ್ಲ. ಅವಳ ಪಕ್ಕದಲ್ಲೇ ಕೂತು, ‘ಬಾಳೆಲೆ ಎಲ್ಲಿ ಸಿಗ್ತದೆ ಮಾರಾಯ್ತಿ ನಿಮ್ಮ ಊರಲ್ಲಿ?’ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತದ್ದು, ಕೆಳಗಿನ ಮನೆಯ ಹೆಂಗಸು ಮೇಲೆ ಬಂದು ಇಣುಕಿ ನೋಡುವಷ್ಟು.

ಸ್ಟುಟ್‌ಗಾರ್ಟಿನ ತಮಿಳರ ಅಂಗಡಿಯಲ್ಲಿ ಎಲೆ ಸಿಕ್ಕಿದೆ, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟದ್ದು, ಬಿಸಿ ಮಾಡಿದರೆ ಬಗ್ಗುತ್ತದೆ. ಕೋಳಿ ಉಂಟು. ಕಡುಬಿಗೆ ಹಲಸಿನ ಎಲೆ ಇಲ್ಲ, ಬಟ್ಟಲಿನಲ್ಲೇ ಹೊಯ್ಯುತ್ತೇನೆ, ಸುಧಾರಿಸಿಕೋ. ಧೂಪ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ ಎಂದು ಸ್ಟ್ಯಾನಿ ಸ್ಟೂಲ್ ಹತ್ತಿ ಅದನ್ನು ಬಿಚ್ಚಿಟ್ಟು ಹೋಗಿದ್ದಾನೆ. ನಾಳೆ ಅಪ್ಪನಿಗೆ, ಅಜ್ಜ ಅಜ್ಜಿಗೆ, ನಿನಗೆ ಬೇರೆ ಬೇರೆ ಎಲೆ. ನಿನ್ನ ಪಕ್ಕದಲ್ಲಿ ಅಬ್ದೂಗೂ ಒಂದು. ನಮ್ಮ ಕ್ರಮದಲ್ಲಿ ಇಲ್ಲ ಎಂದು ಶ್ರೀಲಕ್ಷ್ಮಿ ಫೋನಿನಲ್ಲಿ ಕೊಂಯ್ ಎಂದಳು. ಅವರ ಕ್ರಮದಲ್ಲೂ ನಿನ್ನ ಅಣ್ಣ ಇರಲಿಲ್ಲ, ಆದರೂ ಪ್ರಾರ್ಥನೆ ಓದಿದರು ಎಂದೆ. ಅವನು ಚಹಾ ಮಾರುತ್ತಿದ್ದವನು, ಊಟವಾದ ಮೇಲೆ ಅವನಿಗೆ ಒಂದು ಲೋಟ ಚಹಾ ಇಡುತ್ತೇನೆ. ನಿನ್ನ ಹರಕೆಯ ಚಿಂತೆ ನಿನಗೆ ಬೇಡ. ಊರಿಗೆ ಮುಟ್ಟಿದ ಮೇಲೆ ಶ್ರೀಲಕ್ಷ್ಮಿಯ ಜೊತೆ ತಿರುಪತಿಗೆ ಹೋಗಿ ನನ್ನ ಮುಡಿ ಕೊಟ್ಟು ಬರುತ್ತೇನೆ. ನನ್ನದು ಬೆಳ್ಳಗೆ, ತೆಳ್ಳಗೆ, ಆದರೆ ಸೊಂಟದವರೆಗೆ ಉಂಟು. ತಿಮ್ಮಪ್ಪ ಎಣಿಸಿ ತೆಗೆದುಕೊಳ್ಳುವವನಲ್ಲ.

ನಿನಗೆ ಇನ್ನು ಹಸಿವು ಬಾಯಾರಿಕೆ ಬಾರದಿರಲಿ. ಅಪ್ಪನ ಪಕ್ಕದಲ್ಲಿ ಜಗಳವಾಡದೆ ಇರು. ಅಬ್ದೂಗೆ ನನ್ನ ನಮಸ್ಕಾರ ತಿಳಿಸು, ಅವನ ಹೆಂಡತಿ ಗಟ್ಟಿ ಹೆಂಗಸು, ಆರಾಮ ಇದ್ದಾಳೆ ಎಂದು ಹೇಳು. ಕೀರ್ತಿ ನಿನಗೆ ಏನೋ ಜರ್ಮನ್‌ನಲ್ಲಿ ಬರೆದು ಇದರ ಜೊತೆ ಇಟ್ಟಿದ್ದಾಳೆ. ನನಗೆ ಓದಲು ಬರುವುದಿಲ್ಲ, ಕೇಳಲೂ ಇಲ್ಲ.

ನಿನ್ನನ್ನು ಹೆತ್ತ,
ಅಮ್ಮ
(ಜಲಜಮ್ಮ)

ಮರೆತ ಮಾತು: ವಂದನಾ ಬಂದಳು, ಬಾಗಿಲಿನಲ್ಲಿ ಬೀಗದ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತೇನೆ. ಮದುವೆ ಡಿಸೆಂಬರ್‌ನಲ್ಲಿ. ನಾನು ಹೂಂ ಎಂದಿದ್ದೇನೆ. ಹಲೀಮಾ ಸುಳ್ಳು ಹೇಳುವವಳಲ್ಲ, ಆದರೆ ಆ ಗಲಾಟೆಯಲ್ಲಿ ಅವಳ ಕಣ್ಣು ತಪ್ಪಿರಲೂಬಹುದು ಎಂದು ನನ್ನ ಹಾಳು ಮನಸ್ಸು ಇನ್ನೂ ಹೇಳುತ್ತದೆ. ಗಿರಿ, ಒಂದು ವೇಳೆ ನೀನು ಎಲ್ಲಿಯಾದರೂ ಜೀವಂತ ಇದ್ದರೆ, ಬರಬೇಡ ಮಗಾ. ಇಷ್ಟು ವರ್ಷ ಬಾ ಬಾ ಎಂದು ಕರೆದವಳೇ ಹೇಳುತ್ತಿದ್ದೇನೆ. ಅಲ್ಲೇ ಚೆನ್ನಾಗಿರು. ಮನೆಗೆ ಬರಬೇಡ.